ಪರವಾಗಿಲ್ಲ ಅನ್ನಬೇಡ

ಅಕ್ಕಾ ಅಂತ ಕರೆದಿದ್ದೀಯ, ಅದಕ್ಕೆ ನಾನೂ ನೀನು ಅಂತಲೇ ಬರೀತೀನಿ. ಬೆಂಗಳೂರಿನ ವಿಜಯನಗರದಲ್ಲಿ ನಾಲ್ಕು ವರ್ಷ ಇಂಗ್ಲಿಷ್ ಪಾಠ ಮಾಡಿದವಳು, ಏಪ್ರಿಲ್‌ಗೆ ಜಪಾನಿನ ನಾಗಾನೊ ಕಡೆ ಸಹಾಯಕ ಶಿಕ್ಷಕಿಯಾಗಿ ಹೊರಟಿದ್ದೀಯ. ಮೊದಲ ಆರು ತಿಂಗಳು ಅಲ್ಲಿನ ಒಂದು ಕುಟುಂಬದ ಜೊತೆ ವಾಸ. ಸಸ್ಯಾಹಾರಿಗಳಿಗೆ ಅಲ್ಲೇನು ಗತಿ, ಕಂಡವರ ಮನೆಯಲ್ಲಿ ಹೇಗಿರೋದು, ನಮ್ಮ ಇಂಗ್ಲಿಷನ್ನ ಶಾಲೆಯಲ್ಲಿ ಒಪ್ತಾರಾ ಅಂತ ಕೇಳಿದ್ದೀಯ. ನಾನು 2009ರಲ್ಲಿ ಇದೇ ಕೆಲಸಕ್ಕೆ ಅದೇ ನಾಗಾನೊ ಕಡೆಯ ಮಾತ್ಸುಮೊತೊ ಅನ್ನೋ ಊರಿಗೆ ಹೋದವಳು. ಒಂದು ವರ್ಷ ಇದ್ದು ಬರ್ತೀನಿ ಅಂತ ಅಮ್ಮನಿಗೆ ಹೇಳಿ ಹೋಗಿದ್ದೆ, ಅಲ್ಲೇ ಬೇರು ಬಿಟ್ಟೆ. ಈಗ ರಜೆಗೆ ಬಂದು ಬೆಂಗಳೂರಿನ ಶ್ರೀನಗರದ ಮನೆಯಲ್ಲಿ ಕೂತಿದ್ದೀನಿ, ಸಮಯ ಇದೆ, ಉದ್ದ ಬರೀತೀನಿ.

ಊಟದಿಂದ ಶುರು ಮಾಡ್ತೀನಿ, ಯಾಕಂದ್ರೆ ನಾನು ಎಡವಿದ್ದು ಅಲ್ಲೇ. ಹೋದ ದಿನವೇ ಮಾಂಸ ತಿನ್ನಲ್ಲ, ಮೀನು ತಿನ್ನಲ್ಲ ಅಂತ ಜಪಾನಿಯಲ್ಲಿ ಬರೆಸಿಕೊಂಡು ಹೋಗಿದ್ದ ಚೀಟಿ ತೋರಿಸಿದೆ. ಒಕಾಸಾನ್ ಓದಿ ತಲೆ ಆಡಿಸಿದ್ರು. (ಮನೆಯ ಯಜಮಾನಿಯನ್ನ ಹಾಗೇ ಕರೀಬೇಕು, ಅಮ್ಮ ಅಂತ ಅರ್ಥ, ಯಜಮಾನರು ಒತೋಸಾನ್.) ದಿನಾ ಬೆಳಿಗ್ಗೆ ಅನ್ನ, ತೋಫು, ಮಿಸೊ ಸಾರು (ಮಿಸೊ ಅಂದ್ರೆ ಹುದುಗಿಸಿದ ಸೋಯಾ ಕಾಳಿನ ಮುದ್ದೆ). ಮೂರು ವಾರ ಆ ಸಾರನ್ನ ಚಪ್ಪರಿಸಿಕೊಂಡು ಕುಡಿದೆ. ಒಂದು ದಿನ ಒಲೆ ಪಕ್ಕ ಒಂದು ಪ್ಯಾಕೆಟ್ ಬಾಯಿ ತೆರೆದುಕೊಂಡು ಬಿದ್ದಿತ್ತು. ಬಡಗಿ ಮರ ಕೀಸಿದಾಗ ಬೀಳುತ್ತಲ್ಲ ಸುರುಳಿ ಹೊಟ್ಟು, ಹಾಗಿತ್ತು ಒಳಗೆ. ಮೂಸಿದೆ. ಮೀನು. ಕತ್ಸುಒಬುಶಿ ಅಂತಾರೆ, ಒಣಗಿಸಿ ಹೊಗೆ ಹಾಕಿದ ಮೀನನ್ನ ತೆಳ್ಳಗೆ ಕೀಸಿದ್ದು. ಅದನ್ನ ಕುದಿಸಿ ಸೋಸಿದ ನೀರೇ ದಾಶಿ. ಸಾರು, ಪಲ್ಯ, ಸೊಬಾ ಶ್ಯಾವಿಗೆ ಅದ್ದಿಕೊಳ್ಳೋ ರಸ, ಎಲ್ಲಕ್ಕೂ ಅದೇ ಬುಡ.

ಒಕಾಸಾನ್ ಮೋಸ ಮಾಡಲಿಲ್ಲ. ಅವರ ಲೆಕ್ಕದಲ್ಲಿ ಮೀನು ಅಂದ್ರೆ ತಟ್ಟೆಯಲ್ಲಿ ಕಾಣೋ ಮೀನು. ದಾಶಿ ಸಾರಿನ ನೀರು, ಅಷ್ಟೇ.

ಆಗ ನಾನು ಬಾಯಿ ಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. ಬಟ್ಟಲು ಮುಂದಿಟ್ಟಾಗಲೆಲ್ಲ ಕೈ ಅಡ್ಡ ಹಿಡಿದು 'ದಾಯ್‌ಜೋಬು' ಅಂದೆ. ಆ ಪದ ನಮ್ಮ 'ಪರವಾಗಿಲ್ಲ'ದ ಅವಳಿ. ಬೇಕಾ ಅಂದ್ರೆ ಪರವಾಗಿಲ್ಲ, ಬೇಡವಾ ಅಂದ್ರೂ ಪರವಾಗಿಲ್ಲ, ಕಾಲು ಮುರಿದು ಬಿದ್ದಿದ್ರೂ ಪರವಾಗಿಲ್ಲ. ನಮ್ಮಲ್ಲಾದ್ರೆ ಅಜ್ಜಿ 'ಏನು ಪರವಾಗಿಲ್ಲ, ಬಡಿಸ್ಕೋ' ಅಂತ ಗದರಿಸಿ ಕಾರಣ ಹೊರಗೆ ತೆಗೀತಾಳೆ. ಅಲ್ಲಿ ಎರಡನೇ ಸಲ ಯಾರೂ ಕೇಳಲ್ಲ. ಹತ್ತು ದಿನ ಹೀಗೇ ನಡೀತು. ಆಮೇಲೆ ಒಂದು ಭಾನುವಾರ ಟೋಕಿಯೋದಲ್ಲಿದ್ದ ಅವರ ಮಗಳು ಫೋನ್ ಮಾಡಿ ಇಂಗ್ಲಿಷಿನಲ್ಲಿ ಕೇಳಿದ್ಲು, 'ಸಾರಿಗೆ ಏನಾಗಿದೆ ಅಂತ ದಯವಿಟ್ಟು ಹೇಳಿ, ಅಮ್ಮ ಎರಡು ಸಲ ಮಿಸೊ ಬದಲಾಯಿಸಿದ್ದಾರೆ.'

ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ವಿಷಯ ಹೇಳಿದ ಮೇಲೆ ಪರಿಹಾರಕ್ಕೆ ಐದು ನಿಮಿಷ ಸಾಕಾಯ್ತು. ಕೊಂಬು ಅನ್ನೋ ಕಡಲ ಪಾಚಿ, ಒಣಗಿದ ಶೀತಾಕೆ ಅಣಬೆ, ಎರಡನ್ನೂ ರಾತ್ರಿ ನೀರಿನಲ್ಲಿ ನೆನೆಹಾಕಿದ್ರೆ ಬೆಳಿಗ್ಗೆ ಬೇರೆ ದಾಶಿ ತಯಾರು. ಅವರಿಗೆ ಅದು ಹೊಸದೂ ಅಲ್ಲ. ಬೌದ್ಧ ದೇವಸ್ಥಾನಗಳಲ್ಲಿ ಶೋಜಿನ್ ರ್ಯೋರಿ ಅಂತ ಮಾಡ್ತಾರೆ, ಮಾಂಸ ಮೀನು ಬಿಡು, ಈರುಳ್ಳಿ ಬೆಳ್ಳುಳ್ಳಿಯೂ ಇರಲ್ಲ, ಥೇಟ್ ನಮ್ಮ ಮಡಿ ಅಡುಗೆ. ಆದ್ದರಿಂದ ನಿನ್ನ ಚೀಟಿಯಲ್ಲಿ ಮಾಂಸ, ಮೀನು, ಮೀನಿನ ದಾಶಿ, ಜೆಲಟಿನ್ (ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯೋದು) ಅಂತ ಬಿಡಿಬಿಡಿಯಾಗಿ ಬರೆಸು. ಕೆಳಗೆ ಶೋಜಿನ್ ಅನ್ನೋ ಪದವನ್ನೂ ಸೇರಿಸು. ಹಾಲು ಮೊಸರು ತಿಂತೀನಿ, ಮೊಟ್ಟೆ ತಿಂತೀನೋ ಇಲ್ವೋ ಅನ್ನೋದೂ ಇರಲಿ. ತಿನ್ನೋ ಪಟ್ಟಿ ಕೊಟ್ರೆ ಅವರಿಗೆ ಕೈ ಆಡುತ್ತೆ. ಜಪಾನಿ ಕರ್ರಿ ಮಾಡೋಕೆ ಅಂಗಡಿಯಲ್ಲಿ ಸಿಗೋ ಮಸಾಲೆ ಅಚ್ಚು ನೋಡಿ ಖುಷಿಪಡಬೇಡ, ಬಹಳಷ್ಟರಲ್ಲಿ ಪ್ರಾಣಿ ಕೊಬ್ಬು ಇರುತ್ತೆ. ನಾಗಾನೊ ಕಡೆ ಒಯಾಕಿ ಅಂತ ಕಡುಬಿನ ಥರದ್ದು ಸಿಗುತ್ತೆ, ಒಳಗೆ ಸಿಹಿಗುಂಬಳವೋ ಸೊಪ್ಪಿನ ಉಪ್ಪಿನಕಾಯಿಯೋ. ಹೂರಣ ಏನು ಅಂತ ಕೇಳಿ ತಿನ್ನು, ಚಳಿಗೆ ಅದರಂಥದ್ದು ಇನ್ನೊಂದಿಲ್ಲ.

ಮನೆಯಲ್ಲಿ ಹೇಗಿರಬೇಕು ಅಂದೆಯಲ್ಲ, ನೆಂಟರ ಥರ ಇರಬೇಡ. ಒಂದು ಕೆಲಸ ಕೇಳಿ ತಗೋ. ನಾನು ಕಸ ತಗೊಂಡೆ. ಇಲ್ಲಿ ಹಸಿ ಕಸ ಒಣ ಕಸಕ್ಕೇ ನಾವು ಗೊಣಗ್ತೀವಿ. ಅಲ್ಲಿ ಸುಡೋ ಕಸಕ್ಕೆ ಒಂದು ದಿನ, ಪ್ಲಾಸ್ಟಿಕ್‌ಗೆ ಒಂದು ದಿನ, ಗಾಜು ಡಬ್ಬಕ್ಕೆ ಇನ್ನೊಂದು. ಬಾಟಲಿಯ ಮುಚ್ಚಳ ಬೇರೆ, ಸುತ್ತಿದ ಲೇಬಲ್ ಬೇರೆ, ಬಾಟಲಿ ತೊಳೆದು ಮತ್ತೆ ಬೇರೆ. ಹಿಂದಿನ ರಾತ್ರಿ ಇಡೋ ಹಾಗಿಲ್ಲ, ಬೆಳಿಗ್ಗೆಯೇ ಇಡಬೇಕು. ಏಳು ಗಂಟೆಗೆ ಆ ಮೂಲೆಯಲ್ಲಿ ಬೀದಿಯ ಅಜ್ಜಿಯರೆಲ್ಲ ಸೇರ್ತಾರೆ. ನನ್ನ ಚೀಲ ಇಣುಕಿ ನೋಡಿ ತಪ್ಪು ತೋರಿಸ್ತಿದ್ರು. ನನ್ನ ಅರ್ಧ ಜಪಾನಿ ಅಲ್ಲೇ ಕಲಿತದ್ದು.

ಭಾಷೆಗೆ ಹೆದರಬೇಡ. ವಾಕ್ಯ ನಮ್ಮ ಥರವೇ, ಕ್ರಿಯಾಪದ ಕೊನೆಗೆ, ವಿಭಕ್ತಿ ಪದ ಆದಮೇಲೆ. ಹಿರಗಾನ ಅನ್ನೋ 46 ಅಕ್ಷರ ಎರಡು ವಾರದ ಕೆಲಸ, ಇಲ್ಲೇ ಮುಗಿಸಿಕೊಂಡು ಹೋಗು. ಅ ಇ ಉ ಎ ಒ, ಕ ಕಿ ಕು ಕೆ ಕೊ, ಹೀಗೆ ಕಾಗುಣಿತವೇ. ಸಂಸ್ಕೃತ ಓದಿದ ಬೌದ್ಧ ಸನ್ಯಾಸಿಗಳ ಕಾಲದಿಂದ ನಮ್ಮ ವರ್ಣಮಾಲೆಯ ಕ್ರಮ ಅಲ್ಲಿ ಉಳಿದಿದೆ. ಇನ್ನೊಂದು ಕೇಳು: ಮನೆ ಬಿಡುವಾಗ ಅವರೂ 'ಹೋಗ್ತೀನಿ' ಅನ್ನಲ್ಲ. 'ಇತ್ತೆ ಕಿಮಾಸ್' ಅಂತಾರೆ. ಬಿಡಿಸಿದ್ರೆ 'ಹೋಗಿ ಬರ್ತೀನಿ'. ಒಳಗಿನಿಂದ 'ಇತ್ತೆರಶ್ಶಾಯ್' ಅಂತ ಕೂಗ್ತಾರೆ, ಹೋಗಿ ಬಾ ಅಂತ. ಅಮೆರಿಕದಿಂದ ಬಂದಿದ್ದ ನನ್ನ ಸಹೋದ್ಯೋಗಿ ಅದನ್ನ ಬಾಯಿಪಾಠ ಮಾಡಿದ, ನನಗೆ ಮೊದಲನೇ ದಿನವೇ ತಾನಾಗಿ ಬಂತು.

ಚಿಕ್ಕಪುಟ್ಟದ್ದು: ಶೌಚಾಲಯಕ್ಕೆ ಬೇರೆ ಚಪ್ಪಲಿ, ಅದನ್ನ ಅಲ್ಲೇ ಬಿಡು (ನಾನು ಅದೇ ಮೆಟ್ಟಿಕೊಂಡು ಊಟಕ್ಕೆ ಬಂದಿದ್ದೆ). ಸ್ನಾನದ ತೊಟ್ಟಿಯ ನೀರು ಮನೆಮಂದಿಗೆಲ್ಲ, ಹೊರಗೆ ಮೈ ತೊಳೆದೇ ಇಳೀಬೇಕು, ಬಿರಡೆ ಮುಟ್ಟಬೇಡ. ಚಳಿ ಮಾತ್ರ ಚಿಕ್ಕದಲ್ಲ. ಮಾತ್ಸುಮೊತೊ ನಮ್ಮ ಬೆಂಗಳೂರಿಗಿಂತ ತಗ್ಗು, ಸುಮಾರು 600 ಮೀಟರ್, ಆದ್ರೂ ಜನವರಿ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತೆ. ಹಳೇ ಮನೆಯಾದ್ರೆ ಕೂರೋ ಕೋಣೆಯಲ್ಲಷ್ಟೇ ಸೀಮೆಎಣ್ಣೆ ಒಲೆ, ಮಿಕ್ಕಿದ್ದೆಲ್ಲ ಫ್ರಿಜ್ಜು. ಉಣ್ಣೆ ಒಳಉಡುಪು ಅಲ್ಲೇ ತಗೋ, ಇಲ್ಲಿನದು ಸಾಲಲ್ಲ.

ಶಾಲೆ. ಒಪ್ತಾರಾ ಅಂದ್ರೆ, ಮಕ್ಕಳು ಮೊದಲ ದಿನವೇ ಒಪ್ತಾರೆ. ನಾನು ಹೋದ ಒಂದು ಶಾಲೆಯಲ್ಲಿ ಶಿಕ್ಷಕರೊಬ್ಬರು, ನಾನು ಪಕ್ಕದಲ್ಲೇ ನಿಂತಿರುವಾಗ, ಪಾಠ ಓದಿಸೋಕೆ ಸಿಡಿ ಹಾಕಿದ್ರು. ಅವರ ಪುಸ್ತಕಗಳಲ್ಲಿ ಅಮೆರಿಕದ ಉಚ್ಚಾರವೇ ಅಳತೆಗೋಲು. ಒಂದು ಇಡೀ ತರಗತಿ ಗೊಂಬೆ ಥರ ನಿಂತಿದ್ದೆ. ಆವತ್ತು ಸಂಜೆ ಅತ್ತಿದ್ದೂ ನಿಜ. ಮುಂದಿನ ವಾರ ಸಿಡಿಗೆ ಬಾರದ್ದನ್ನ ತಗೊಂಡು ಹೋದೆ: ಬಿಎಂಟಿಸಿ ಬಸ್ ಟಿಕೆಟ್ಟು, ಹತ್ತು ರೂಪಾಯಿ ನೋಟು. ನೋಟಿನ ಹಿಂದೆ ಹದಿನೈದು ಭಾಷೆಯಲ್ಲಿ ಬರೆದಿರೋದನ್ನ ತೋರಿಸಿ, ಇದರಲ್ಲಿ ನನ್ನದು ಯಾವುದು, ಇಂಗ್ಲಿಷಿನಲ್ಲಿ ಕೇಳಿ ಕಂಡುಹಿಡೀರಿ ಅಂದೆ. ಸಾಲು ಹಿಡಿದು ಬಂದು ಕೇಳಿದ್ರು. ಆ ಶಿಕ್ಷಕರು ಕೊನೆಗೂ ಸಿಡಿ ಬಿಡಲಿಲ್ಲ, ಆದ್ರೆ ಗಂಟೆಯ ಅರ್ಧ ನನಗೆ ಬಿಟ್ರು. 2020ರಿಂದ ಐದು, ಆರನೇ ತರಗತಿಗೂ ಇಂಗ್ಲಿಷ್ ಅಧಿಕೃತ ವಿಷಯ ಆಗಿರೋದ್ರಿಂದ ನಿನಗೆ ನನಗಿಂತ ಹೆಚ್ಚು ಕೆಲಸ ಇರುತ್ತೆ. ಕೇಳಿದ ಪ್ರಶ್ನೆಗೆ ಮಗು ಸುಮ್ಮನೆ ನಿಂತ್ರೆ ಗೊತ್ತಿಲ್ಲ ಅಂತಲ್ಲ, ತಪ್ಪಾದ್ರೆ ಅನ್ನೋ ಅಂಜಿಕೆ. ಪಕ್ಕದವರ ಜೊತೆ ಮಾತಾಡಿಕೊಳ್ಳೋಕೆ ಅರ್ಧ ನಿಮಿಷ ಕೊಡು. ಮಧ್ಯಾಹ್ನದ ಊಟ ತರಗತಿಯಲ್ಲೇ ಮಕ್ಕಳ ಜೊತೆ, ನೀನು ಡಬ್ಬಿ ತಗೊಂಡು ಹೋಗು. ಆಮೇಲೆ ಶಾಲೆ ಗುಡಿಸಿ ಒರೆಸೋದು ಮಕ್ಕಳೇ. ನೀನೂ ಬಟ್ಟೆ ಹಿಡಿದು ಕೂತ್ರೆ ಒಂದು ತಿಂಗಳ ಪಾಠಕ್ಕಿಂತ ಹೆಚ್ಚು ಹತ್ತಿರ ಆಗ್ತಾರೆ.

ಕಾಗದಪತ್ರ ಬೇಗ ಹೇಳಿಬಿಡ್ತೀನಿ. ವಿಮಾನ ನಿಲ್ದಾಣದಲ್ಲೇ ವಾಸದ ಕಾರ್ಡ್ ಕೊಡ್ತಾರೆ, ಮನೆ ಸೇರಿ 14 ದಿನದೊಳಗೆ ನಗರಸಭೆಗೆ ಹೋಗಿ ವಿಳಾಸ ಬರೆಸಬೇಕು. ಆರೋಗ್ಯ ವಿಮೆ ಇದ್ರೆ ಆಸ್ಪತ್ರೆ ಬಿಲ್ಲಿನಲ್ಲಿ ನಿನ್ನ ಪಾಲು ಶೇ 30. ಔಷಧಿ ಒಂದು ತಿಂಗಳಿಗಿಂತ ಹೆಚ್ಚು ಒಯ್ಯೋದಾದ್ರೆ ಮೊದಲೇ ಅಲ್ಲಿನ ಸರ್ಕಾರದ ಅನುಮತಿ ಪತ್ರ ಬೇಕು. ಕೆಲವು ಶೀತದ ಮಾತ್ರೆಗೆ ಪ್ರವೇಶವೇ ಇಲ್ಲ, ಒಂದೊಂದರ ಹೆಸರೂ ನೋಡು. ಹಸಿ ಕರಿಬೇವು ಬೇಡ. ನರಿತಾ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ನನಗೆ ಬಗ್ಗಿ ನಮಸ್ಕಾರ ಮಾಡಿಯೇ ನನ್ನ ಕರಿಬೇವನ್ನ ಕಸದ ಡಬ್ಬಿಗೆ ಹಾಕಿದ. ಒಣಗಿಸಿದ ಚಟ್ನಿಪುಡಿ, ಸಾರಿನಪುಡಿ ಸಾಕು.

ಉಡುಗೊರೆಗೆ ಮನೆಯವರಿಗೆ ಮೈಸೂರ್ ಸ್ಯಾಂಡಲ್ ಸೋಪು, ಚನ್ನಪಟ್ಟಣದ ಗೊಂಬೆ. ಮೈಸೂರ್ ಪಾಕ್ ಬೇಡ, ಅವರಿಗೆ ಸಿಹಿ ಅತಿಯಾಗುತ್ತೆ, ಆದ್ರೂ ಬೇಡ ಅನ್ನಲಾರದೆ ಕಷ್ಟಪಟ್ಟು ತಿಂತಾರೆ. ಶಿಕ್ಷಕರ ಕೋಣೆಗೆ ಕಡಲೆ ಮಿಠಾಯಿ, ಒಂದೊಂದೇ ಸುತ್ತಿದ್ದು, ಮೇಜಿಗೊಂದು ಇಡೋ ಹಾಗೆ.

ನಿನ್ನ ಒಪ್ಪಂದದ ಪ್ರತಿ ನನಗೆ ಕಳಿಸಲಿಲ್ಲ. ಏಜೆನ್ಸಿ ಮೂಲಕ ಹೋಗೋರಿಗೆ ಶಾಲೆ ರಜೆ ಅಂತ ಆಗಸ್ಟ್ ಸಂಬಳ ಕಡಿತ ಮಾಡೋದುಂಟು. ವಾರಕ್ಕೆ ಎಷ್ಟು ಗಂಟೆ ಅಂತ ಬರೆದಿದೆ ನೋಡು, ವಿಮೆಯನ್ನ ಅವರು ಕಟ್ತಾರಾ, ನೀನೇ ಕಟ್ಟಬೇಕಾ ಅಂತ ಕೇಳು. ಕೇಳಿದ್ರೆ ಏನಂದ್ಕೋತಾರೋ ಅನ್ನೋ ಸಂಕೋಚ ಇಲ್ಲೂ ಬೇಡ. ಶನಿವಾರ ಬೆಳಿಗ್ಗೆ ಒತೋಸಾನ್‌ಗೆ ಕಾಫಿಪುಡಿ ತರೋಕೆ ಗಾಂಧಿ ಬಜಾರಿಗೆ ಹೋಗ್ತೀನಿ. ಚಿಕೋರಿ ಬೆರೆಸಬೇಡಿ ಅಂತ ಅವರು ಈಗ ಖಡಾಖಂಡಿತವಾಗಿ ಹೇಳ್ತಾರೆ. ನೀನೂ ಒಪ್ಪಂದ ಹಿಡ್ಕೊಂಡು ಬಾ, ಆಗಸ್ಟಿನ ಸಾಲು ಒಟ್ಟಿಗೆ ಕೂತು ಓದೋಣ.