ಗಾಜಿನ ಹಿಂದಿನ ಕಾಡಿನಿಂದ ಗೇಮ್‌ಗೆ ಏನು ಕಲಿಯಬಹುದು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಗೇಮ್ ಡಿಸೈನ್ ಓದುತ್ತಿದ್ದೇನೆ. ‘ಲೆವೆಲ್ ಮಾಡೋ ಮುಂಚೆ ಮ್ಯೂಸಿಯಂಗೆ ಹೋಗಿ ಡಯೋರಾಮಾ ನೋಡಿ ಬಾ’ ಅಂದರು ನಮ್ಮ ಮೇಷ್ಟ್ರು. ಗಾಜಿನ ಹಿಂದೆ ಅಲ್ಲಾಡದೆ ನಿಂತ ಪ್ರಾಣಿಗಳಿಂದ ಗೇಮ್‌ಗೆ ಏನು ಸಿಗುತ್ತೆ ಸರ್?

ಉತ್ತರ: ನಿಮ್ಮ ಮೇಷ್ಟ್ರು ಒಳ್ಳೇ ಮಾತು ಹೇಳಿದ್ದಾರೆ. ಡಯೋರಾಮಾ ಅಂದರೆ ಗಾಜಿನ ಹಿಂದೆ ಪ್ರಾಣಿ, ಗಿಡಗಳನ್ನಿಟ್ಟು, ಅವುಗಳ ಹಿಂದೆ ಚಿತ್ರ ಬರೆದು ಕಟ್ಟಿದ ದೃಶ್ಯ. ಹೋಗಿ ಬನ್ನಿ. ಮೈಸೂರಿನ ಕಾರಂಜಿ ಕೆರೆ ಪಕ್ಕದ ನಿಸರ್ಗ ವಿಜ್ಞಾನದ ಮ್ಯೂಸಿಯಂ ನಿಮಗೆ ಹತ್ತಿರ. ಆದರೆ ಅಲ್ಲಿ ಮೊದಲು ಪ್ರಾಣಿಗಳನ್ನು ನೋಡಬೇಡಿ, ನೀವು ಎಲ್ಲಿ ನಿಂತಿದ್ದೀರಿ ಅಂತ ನೋಡಿಕೊಳ್ಳಿ. ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಮಂಡಿಯೂರಿ ಕೂತು ನೋಡಿ. ಎಲ್ಲಿಂದ ನೋಡಿದರೆ ಕಾಡು ಕಾಡಿನ ಹಾಗಿದೆ, ಎಲ್ಲಿಂದ ನೋಡಿದರೆ ಬರೀ ಬಣ್ಣದ ಗೋಡೆ ಆಗುತ್ತೆ? ನೋಡುವವರ ಕಣ್ಣು ಇಲ್ಲೇ ಇರುತ್ತೆ ಎಂದು ಮೊದಲೇ ಗೊತ್ತು ಮಾಡಿಕೊಂಡು ಕಟ್ಟಿದ ಲೋಕವೇ ಡಯೋರಾಮಾ.

ನ್ಯೂಯಾರ್ಕ್‌ನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ ಆಫ್ರಿಕಾದ ಪ್ರಾಣಿಗಳ ಹಾಲ್ ಇದೆ. 1936ರಲ್ಲಿ ತೆರೆದದ್ದು. ಒಟ್ಟು 28 ಡಯೋರಾಮಾ. ಮುಂದೆ ನಿಜವಾದ ಅಳತೆಯ ಪ್ರಾಣಿ, ಕಲ್ಲು, ಹುಲ್ಲು. ಹಿಂದೆ ಬಾಗಿದ ಗೋಡೆಯ ಮೇಲೆ ಬೆಟ್ಟ, ಆಕಾಶದ ಚಿತ್ರ. ಗೋಡೆಗೆ ಮೂಲೆ ಇಲ್ಲ. ಮೂಲೆ ಕಂಡ ಕೂಡಲೇ ಕಣ್ಣಿಗೆ ಅದು ಕೋಣೆ ಅಂತ ಗೊತ್ತಾಗಿಬಿಡುತ್ತೆ, ಅಲ್ವಾ? ಆದರೆ ಬಾಗಿದ ಗೋಡೆ ಮೇಲೆ ನೇರ ಗೆರೆ ಎಳೆದರೆ ಸೊಟ್ಟಗೆ ಕಾಣುತ್ತೆ. ಅದೇ ಮ್ಯೂಸಿಯಂನ ಚಿತ್ರಕಾರ ಜೇಮ್ಸ್ ಪೆರಿ ವಿಲ್ಸನ್ ಮೊದಲು ಆರ್ಕಿಟೆಕ್ಟ್ ಆಗಿದ್ದವರು. ಅವರು ಫೋಟೋ ಮೇಲೆ ಚೌಕಗಳನ್ನು ಹಾಕಿ, ಅವೇ ಚೌಕಗಳನ್ನು ಲೆಕ್ಕ ಹಾಕಿ ಗೋಡೆಗೆ ಇಳಿಸುವ ವಿಧಾನ ಕಂಡುಕೊಂಡರು. ಎಲ್ಲ ಲೆಕ್ಕವೂ ಗಾಜಿನ ಮುಂದೆ ನಿಂತವರ ಕಣ್ಣಿನಿಂದಲೇ ಶುರು.

ಇನ್ನೊಂದು ಜಾಗ ಹುಡುಕಿ: ನಿಜವಾದ ನೆಲ ಮುಗಿದು ಚಿತ್ರದ ನೆಲ ಶುರುವಾಗುವ ಗೆರೆ. ಒಳ್ಳೆಯ ಕೆಲಸದಲ್ಲಿ ಅದು ಸಿಗೋದೇ ಇಲ್ಲ. ಅಲ್ಲೊಂದು ಬಂಡೆ, ಇಲ್ಲೊಂದು ಹುಲ್ಲಿನ ಗುಪ್ಪೆ, ಸ್ವಲ್ಪ ಏರಿದ ನೆಲ. ನನಗೆ ಕೇಳಿದರೆ ಡಯೋರಾಮಾ ಕಟ್ಟುವವರ ಕೈಚಳಕ ಇರೋದು ಪ್ರಾಣಿಯಲ್ಲಲ್ಲ, ಆ ಬೆಸುಗೆಯಲ್ಲಿ.

ಈಗ ಗೇಮ್‌ಗೆ ಬನ್ನಿ. ನಿಮ್ಮ ಲೆವೆಲ್‌ನಲ್ಲೂ ಇದೇ ಬೆಸುಗೆ ಇದೆ. ಆಡುವವರು ಓಡಾಡಬಹುದಾದ ಜಾಗ ಒಂದು ಕಡೆ ಮುಗಿಯಲೇಬೇಕು, ಆದರೆ ಲೋಕ ಮುಗಿದ ಹಾಗೆ ಕಾಣಬಾರದು. 2004ರ ‘ಹಾಫ್-ಲೈಫ್ 2’ ಗೇಮ್ ಅನ್ನು ನಡೆಸುವ ಸಾಫ್ಟ್‌ವೇರ್ ಆದ ಸೋರ್ಸ್ ಎಂಜಿನ್‌ನಲ್ಲಿ ಇದಕ್ಕೊಂದು ಚಂದದ ಉಪಾಯ ಇದೆ. ದೂರದ ಕಟ್ಟಡ, ಬೆಟ್ಟಗಳನ್ನು ಹದಿನಾರನೇ ಒಂದು ಅಳತೆಯ ಪುಟ್ಟ ಮಾದರಿಯಾಗಿ ಮ್ಯಾಪ್‌ನಲ್ಲೇ ಬೇರೆ ಕಡೆ ಕಟ್ಟಿಡುತ್ತಾರೆ. ಎಂಜಿನ್ ಅದನ್ನು ದೊಡ್ಡದು ಮಾಡಿ ಹಿನ್ನೆಲೆಯಾಗಿ ತೋರಿಸುತ್ತೆ. ಇದಕ್ಕೆ 3ಡಿ ಸ್ಕೈಬಾಕ್ಸ್ ಅನ್ನುತ್ತಾರೆ. ನನ್ನ ಕಣ್ಣಿಗೆ ಅದು ಪಕ್ಕಾ ಡಯೋರಾಮಾ.

ಒಂದು ದೊಡ್ಡ ವ್ಯತ್ಯಾಸ ಮಾತ್ರ ನೆನಪಿಡಿ. ಮ್ಯೂಸಿಯಂನಲ್ಲಿ ಕಣ್ಣು ನಿಂತಲ್ಲೇ ಇರುತ್ತೆ, ಗೇಮ್‌ನಲ್ಲಿ ಅಲೆಯುತ್ತೆ. ಹಾಗಾಗಿ ಕಣ್ಣು ಒಂದು ಕ್ಷಣ ನಿಲ್ಲುವ ಜಾಗಗಳನ್ನು ಹುಡುಕಿಕೊಳ್ಳಿ: ಬಾಗಿಲು ತೆರೆದ ಕೂಡಲೇ, ಮೆಟ್ಟಿಲು ಹತ್ತಿ ಮುಗಿದಾಗ, ಸುರಂಗದಿಂದ ಹೊರಬಿದ್ದಾಗ. ಅಲ್ಲಿ ನೀವು ಡಯೋರಾಮಾ ಕಟ್ಟಬಹುದು. ಇದನ್ನೇ ತಿರುಗಿಸಿ ಆಟ ಮಾಡಿದವರೂ ಇದ್ದಾರೆ. 2014ರ ನಿಂಟೆಂಡೊ ಗೇಮ್ ‘ಕ್ಯಾಪ್ಟನ್ ಟೋಡ್’ನಲ್ಲಿ ಪ್ರತಿ ಲೆವೆಲ್ ಕೈಯಲ್ಲಿ ಹಿಡಿದು ನೋಡುವಂಥ ಪುಟ್ಟ ಲೋಕ. ನಾಯಕನಿಗೆ ನೆಗೆಯೋಕೂ ಬರೋದಿಲ್ಲ. ಆದರೆ ನೀವು ಇಡೀ ದೃಶ್ಯವನ್ನು ಸುತ್ತ ತಿರುಗಿಸಿ ನೋಡಬಹುದು. ಒಂದು ಕಡೆಯಿಂದ ಕಾಣದ ದಾರಿ ಇನ್ನೊಂದು ಕಡೆಯಿಂದ ಕಾಣುತ್ತೆ. ಕಣ್ಣಿನ ಜಾಗ ಬದಲಿಸೋದೇ ಅಲ್ಲಿ ಆಟ.

ಜಪಾನಿನ ಕಲಾವಿದ ಹಿರೋಷಿ ಸುಗಿಮೊಟೊ ನಾನು ಹೇಳಿದ ಆ ನ್ಯೂಯಾರ್ಕ್ ಮ್ಯೂಸಿಯಂಗೆ ಹೋದಾಗ ಡಯೋರಾಮಾಗಳು ಕೃತಕ ಅನ್ನಿಸಿದವಂತೆ. ಒಂದು ಕಣ್ಣು ಮುಚ್ಚಿ ನೋಡಿದರೆ ಎಲ್ಲವೂ ನಿಜವಾಗಿಬಿಟ್ಟವು! 1976ರಿಂದ ಅವರು ಅವುಗಳ ಕಪ್ಪು-ಬಿಳುಪು ಫೋಟೋ ತೆಗೆಯುತ್ತಾ ಬಂದರು. ನೋಡಿದರೆ ಕಾಡಿಗೇ ಹೋಗಿ ತೆಗೆದ ಹಾಗಿವೆ. ಕ್ಯಾಮೆರಾಗೂ ಒಂದೇ ಕಣ್ಣು. ನಿಮ್ಮ ಗೇಮ್‌ನ ಕ್ಯಾಮೆರಾಗೂ ಅಷ್ಟೇ. ಮೈಸೂರಿನಲ್ಲಿ ನೀವೂ ಒಂದು ಕಣ್ಣು ಮುಚ್ಚಿ ನೋಡಿ.

ಪ್ರಶ್ನೆ: ನಾನು ಪ್ರೈಮರಿ ಶಾಲೆ ಟೀಚರ್. ಮಕ್ಕಳ ಕೈಲಿ ಚಪ್ಪಲಿ ಡಬ್ಬದೊಳಗೆ ಕಾಡು ಮಾಡಿಸಿದೆ. ಚೆನ್ನಾಗಿದೆ, ಆದರೆ ಆಳವೇ ಕಾಣುತ್ತಿಲ್ಲ. ಏನು ಮಾಡಲಿ?

ಉತ್ತರ: ಬಹುಶಃ ಎಲ್ಲ ಮರಗಳೂ ಒಂದೇ ಎತ್ತರ ಇವೆ. ಮುಂದಿನ ಮರ ದೊಡ್ಡದು, ಹಿಂದಿನದು ಚಿಕ್ಕದು ಮಾಡಿಸಿ. ಮುಂದೆ ಕಡು ಹಸಿರು, ಹಿಂದೆ ಹೋದಂತೆ ಮಾಸಿದ ನೀಲಿ. ನೆಲ ಹಿಂದಕ್ಕೆ ಸ್ವಲ್ಪ ಏರಲಿ. ಚಾರ್ಟ್ ಪೇಪರನ್ನು ಡಬ್ಬದ ಒಳಗೆ ಬಾಗಿಸಿ ಅಂಟಿಸಿದರೆ ಮೂಲೆ ಮಾಯ. ಡಬ್ಬದ ಬಾಯಿ ಪೂರ್ತಿ ತೆರೆದಿಡಬೇಡಿ, ರಟ್ಟಿನಲ್ಲಿ ಚಿಕ್ಕ ಕಿಂಡಿ ಬಿಡಿ. ಬೆಳಕು ಮೇಲಿನಿಂದ ಬೀಳಲಿ. ಮರದ ನೆರಳು ಆಕಾಶದ ಮೇಲೆ ಬಿದ್ದರೆ ಎಲ್ಲ ಹಾಳು.

ಬೆಳಕಿನ ಬಗ್ಗೆ ಮಕ್ಕಳಿಗೊಂದು ಕಥೆ ಹೇಳಿ. ಡಯೋರಾಮಾ ಅನ್ನೋ ಹೆಸರು ಬಂದದ್ದೇ ಬೆಳಕಿನ ಆಟದಿಂದ. 1822ರಲ್ಲಿ ಪ್ಯಾರಿಸ್‌ನಲ್ಲಿ ಲೂಯಿ ಡಾಗೇರ್ ಮತ್ತು ಶಾರ್ಲ್ ಬೂತೋನ್ ತೆಳು ಬಟ್ಟೆಯ ಮೇಲೆ ಭಾರೀ ಚಿತ್ರ ಬರೆದು, ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ಬೆಳಕು ಬಿಟ್ಟು ತೋರಿಸಿದರು. ಜನ ಕೂತಂತೆಯೇ ಹಗಲು ರಾತ್ರಿಯಾಗುತ್ತಿತ್ತು. ಮುಂದೆ ಫೋಟೋಗ್ರಫಿಗೆ ದಾರಿ ಮಾಡಿದ ಡಾಗೇರ್ ಇವರೇ.

ದಸರಾಕ್ಕೆ ಗೊಂಬೆ ಕೂರಿಸುವ ಮನೆ ನಿಮ್ಮೂರಲ್ಲಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ರಾಗಿ ಚೆಲ್ಲಿ ಬೆಳೆಸಿದ ಗದ್ದೆ, ಕನ್ನಡಿಯ ಕೆರೆ. ನಮ್ಮ ಅಜ್ಜಿಯರಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು.

ಪ್ರಶ್ನೆ: ಸತ್ತ ಪ್ರಾಣಿಗಳನ್ನು ಹೀಗೆ ನಿಲ್ಲಿಸೋದು ನೋಡಿದರೆ ನನಗೆ ಸಂಕಟ ಆಗುತ್ತೆ. ಇದು ಈಗಲೂ ಬೇಕಾ?

ಉತ್ತರ: ಆ ಸಂಕಟ ನನಗೂ ಆಗುತ್ತೆ. ಹೊಸದಾಗಿ ಒಂದು ಪ್ರಾಣಿಯನ್ನೂ ಇದಕ್ಕಾಗಿ ಕೊಲ್ಲಬೇಕಿಲ್ಲ. ಆದರೆ ಹಳೆಯವನ್ನು ಎಸೆಯಬಾರದು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ನ್ಯೂಯಾರ್ಕ್‌ನವರು ಉತ್ತರ ಅಮೆರಿಕದ ಪ್ರಾಣಿಗಳ ಹಾಲ್ ಅನ್ನು ದುರಸ್ತಿ ಮಾಡಿ 2012ರಲ್ಲಿ ಮತ್ತೆ ತೆರೆದರು.

ಅಲ್ಲಿನ ಆಫ್ರಿಕಾ ಹಾಲ್‌ನ ಕನಸು ಕಂಡವರು ಕಾರ್ಲ್ ಏಕ್ಲಿ. ಚರ್ಮದೊಳಗೆ ಹುಲ್ಲು ತುಂಬುವ ಹಳೇ ರೂಢಿ ಬಿಟ್ಟು, ಜೇಡಿಮಣ್ಣಿನಲ್ಲಿ ಮಾಂಸಖಂಡಗಳನ್ನೆಲ್ಲ ತಿದ್ದಿ, ಅದರಿಂದ ಅಚ್ಚು ತೆಗೆದು, ಹಗುರ ಮೈ ಮಾಡಿ ಚರ್ಮ ಹೊದಿಸುತ್ತಿದ್ದರು. 1921ರಲ್ಲಿ ಕಾಂಗೋದ ವಿರುಂಗಾ ಬೆಟ್ಟಗಳಲ್ಲಿ ಮ್ಯೂಸಿಯಂಗಾಗಿ ಗೊರಿಲ್ಲಾಗಳನ್ನು ಗುಂಡಿಟ್ಟು ಕೊಂದರು. ಆ ಸಾವು ಅವರನ್ನು ಬದಲಿಸಿತು. ಗೊರಿಲ್ಲಾಗಳಿಗೆ ರಕ್ಷಣೆ ಬೇಕು ಎಂದು ಅವರು ಹಟ ಹಿಡಿದರು. ಆಗ ಕಾಂಗೋವನ್ನು ಆಳುತ್ತಿದ್ದ ಬೆಲ್ಜಿಯಂನ ದೊರೆ ಆಲ್ಬರ್ಟ್ 1925ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನ ಘೋಷಿಸಿದರು.

ಮರುವರ್ಷ ಏಕ್ಲಿ ಮತ್ತೆ ಅಲ್ಲಿಗೆ ಹೋಗಿ, ಮಿಕೆನೊ ಬೆಟ್ಟದಲ್ಲೇ ತೀರಿಕೊಂಡರು. ಅಲ್ಲೇ ಮಣ್ಣು ಮಾಡಿದರು. ಹಾಲ್ ತೆರೆದದ್ದು ಹತ್ತು ವರ್ಷ ಆದ ಮೇಲೆ. ಅದರ ಗೊರಿಲ್ಲಾ ಡಯೋರಾಮಾದಲ್ಲಿ ಎದೆ ಬಡಿದುಕೊಳ್ಳುವ ಗಂಡು ಗೊರಿಲ್ಲಾದ ಹಿಂದೆ ಕಾಣುವುದು ಅದೇ ವಿರುಂಗಾ, ಅವರನ್ನು ಮಣ್ಣು ಮಾಡಿದ ಜಾಗದ ಹತ್ತಿರದ ನೋಟ.