ಮತ್ತೆ ಎರಡು ವರ್ಷ ಓದಬೇಕಾ?

ಅಕ್ಕಾ ಅಂತ ಕರೆದು ಕೇಳಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೀತೀನಿ. ಮೈಸೂರಲ್ಲಿ ವಾಕ್-ಶ್ರವಣ ಚಿಕಿತ್ಸೆಯ ಪದವಿ ಬಿಎಎಸ್‌ಎಲ್‌ಪಿ ಮುಗಿಸಿ, ಬೆಂಗಳೂರಿನ ಕ್ಲಿನಿಕ್ಕಲ್ಲಿ ಮಕ್ಕಳಿಗೆ ಥೆರಪಿ ಕೊಟ್ಟು, ಈಗ ಗಂಡನ ಪಿಆರ್ (ಕಾಯಂ ನಿವಾಸದ ವೀಸಾ) ಜೊತೆ ಮೆಲ್ಬರ್ನ್‌ಗೆ ಬಂದಿದ್ದೀಯ. ಇಲ್ಲಿ ಸ್ಪೀಚ್ ಪೆಥಾಲಜಿಸ್ಟ್ (ಮಾತು, ನುಂಗುವಿಕೆಯ ತೊಂದರೆಗೆ ಥೆರಪಿ ಕೊಡೋರು) ಆಗೋಕೆ ಮತ್ತೆ ಮಾಸ್ಟರ್ಸ್ ಮಾಡಲೇಬೇಕಾ, ನಮ್ಮ ಇಂಗ್ಲಿಷ್ ಉಚ್ಚಾರಣೆ ಅಡ್ಡ ಬರುತ್ತಾ ಅನ್ನೋದು ನಿನ್ನ ಪ್ರಶ್ನೆ.

ಮಾಡಲೇಬೇಕು ಅಂತೇನಿಲ್ಲ. ಇಲ್ಲಿ ನಾಲ್ಕು ವರ್ಷದ ಬ್ಯಾಚುಲರ್ಸ್ ಓದಿದವರೂ ಎರಡು ವರ್ಷದ ಮಾಸ್ಟರ್ಸ್ ಓದಿದವರೂ ಸೇರೋದು ಒಂದೇ ಕೆಲಸಕ್ಕೆ. ಆ ಮಾಸ್ಟರ್ಸ್ ಇರೋದು ಮುಖ್ಯವಾಗಿ ಸೈಕಾಲಜಿ, ಭಾಷಾವಿಜ್ಞಾನ ಹೀಗೆ ಬೇರೇನೋ ಓದಿ ಈ ಕಡೆ ಬರೋರಿಗೆ. ನರ್ಸ್, ಫಿಸಿಯೋಗಳಿಗೆ ಇರೋ ಹಾಗೆ ನಮಗೆ ಸರ್ಕಾರಿ ನೋಂದಣಿ ಮಂಡಳಿ ಇಲ್ಲ. ಸ್ಪೀಚ್ ಪೆಥಾಲಜಿ ಆಸ್ಟ್ರೇಲಿಯಾ ಅನ್ನೋ ವೃತ್ತಿಸಂಘವೇ ಹೊರಗಿನ ಪದವಿಗಳನ್ನ ಅಳೆದು ನೋಡುತ್ತೆ. ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ನ್ಯೂಜಿಲೆಂಡ್ ಸಂಘಗಳ ಜೊತೆ ಅದಕ್ಕೆ ಪರಸ್ಪರ ಮಾನ್ಯತೆಯ ಒಪ್ಪಂದ ಇದೆ. ಭಾರತ ಅದರಲ್ಲಿ ಇಲ್ಲ, ಹಾಗಾಗಿ ನಮ್ಮದನ್ನ ಬುಡದಿಂದ ನೋಡ್ತಾರೆ.

ತೊಡಕು ಇರೋದು ಅಲ್ಲೇ. 1965ರಲ್ಲಿ ಶುರುವಾದ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ವಾಕ್, ಶ್ರವಣ ಎರಡೂ ಒಂದೇ ಸೂರಿನಡಿ; ನಮ್ಮ ಪದವಿಯೂ ಹಾಗೇ. ಇಲ್ಲಿ ಆಡಿಯಾಲಜಿ, ಅಂದ್ರೆ ಶ್ರವಣದ ಭಾಗ, ಬೇರೆಯೇ ವೃತ್ತಿ, ಬೇರೆಯೇ ಮಾಸ್ಟರ್ಸ್. ನೀನು ಆಡಿಯೋಮೀಟರ್ ಮುಂದೆ ಕೂತ ಗಂಟೆಗಳು ಇಲ್ಲಿ ಕೆಲಸಕ್ಕೆ ಬರೋದಿಲ್ಲ. ಮೇಲಾಗಿ ಮಾತು, ಭಾಷೆ, ಧ್ವನಿ, ಉಗ್ಗು, ನುಂಗುವಿಕೆ, ಹೀಗೆ ಎಲ್ಲದರಲ್ಲೂ, ಮಕ್ಕಳು ದೊಡ್ಡವರು ಇಬ್ಬರಲ್ಲೂ ಕೈ ಪಳಗಿದೆಯಾ ಅಂತ ಕೇಳ್ತಾರೆ. ನಿನ್ನ ಪತ್ರದಲ್ಲಿ ಬರೀ ಮಕ್ಕಳೇ ಇದ್ದಾರೆ. ಪಾರ್ಶ್ವವಾಯು ಆದವರನ್ನ ಇಂಟರ್ನ್‌ಶಿಪ್ ಬಿಟ್ಟು ಬೇರೆಲ್ಲೂ ನೋಡಿಲ್ಲ ಅಂದ್ರೆ ಮಾಸ್ಟರ್ಸ್ ದಂಡ ಅಲ್ಲ. ನೋಡಿದ್ದರೆ ಮೊದಲು ಪದವಿ ಅಳೆಸು, ಆಮೇಲೆ ದುಡ್ಡು ಸುರಿ. ಈ ಮಾತನ್ನ ಯಾವ ಕನ್ಸಲ್ಟೆನ್ಸಿಯವನೂ ನಿನಗೆ ಹೇಳಲ್ಲ, ಅವನಿಗೆ ಕಮಿಷನ್ ಬರೋದು ಅಡ್ಮಿಶನ್ನಿಂದ.

ಮಾಸ್ಟರ್ಸ್‌ಗೆ ಸೇರಿದ್ರೆ ಪುಸ್ತಕ ನಿನಗೆ ಕಷ್ಟ ಆಗಲ್ಲ, ಆಸ್ಪತ್ರೆ, ಕ್ಲಿನಿಕ್ಕುಗಳಲ್ಲಿ ಮಾಡೋ ತರಬೇತಿ, ಅಂದ್ರೆ ಪ್ಲೇಸ್‌ಮೆಂಟ್ ಆಗುತ್ತೆ. ಆಸ್ಪತ್ರೆಯಲ್ಲಿ ನುಂಗೋಕೆ ತೊಂದರೆ ಇರೋರಿಗೆ ಕೊಡೋ ದ್ರವ ಎಷ್ಟು ಮಂದ ಇರಬೇಕು ಅನ್ನೋದಕ್ಕೆ 0ಯಿಂದ 4ರವರೆಗೆ ಮಟ್ಟಗಳನ್ನ ಹೇಳೋ ಅಂತರರಾಷ್ಟ್ರೀಯ ಐಡಿಡಿಎಸ್‌ಐ ಪಟ್ಟಿ ಇದೆ. 10 ಮಿಲಿಲೀಟರ್ ಸಿರಿಂಜಿನ ತುದಿಗೆ ಬೆರಳು ಒತ್ತಿ ದ್ರವ ತುಂಬಿಸಿ, ಬೆರಳು ತೆಗೆದು 10 ಸೆಕೆಂಡ್ ಬಿಡಬೇಕು. 1ರಿಂದ 4 ಮಿಲಿಲೀಟರ್ ಉಳಿದರೆ ಮಟ್ಟ 1, 4ರಿಂದ 8 ಉಳಿದರೆ ಮಟ್ಟ 2. (ಮನೇಲಿ ರಾಗಿ ಅಂಬಲಿ ಹಾಕಿ ನೋಡು, ಮಜಾ ಇರುತ್ತೆ.) ಇದನ್ನೆಲ್ಲ ಒಂದು ಸಂಜೇಲಿ ಕಲೀತೀಯ. ಆದರೆ ಅಜ್ಜನೊಬ್ಬ ಒಂದು ಗುಟುಕು ನೀರು ಕುಡಿದ ಮೇಲೆ ಧ್ವನಿ ಗೊರಗೊರ ಅಂತು ಅಂತಿಟ್ಟುಕೋ. ಸೂಪರ್‌ವೈಸರ್ ನಿನ್ನ ಮುಖ ನೋಡ್ತಾರೆ. ನಮ್ಮವರು ಏನು ಮಾಡ್ತೀವಿ? ಅವರೇ ಹೇಳ್ಲಿ ಅಂತ ಕೈಕಟ್ಟಿ ನಿಲ್ತೀವಿ. ನಮ್ಮಲ್ಲಿ ಅದು ಗೌರವ. ಇಲ್ಲಿ ಅದನ್ನೇ "ಕ್ಲಿನಿಕಲ್ ರೀಸನಿಂಗ್ ಸಾಲದು" ಅಂತ ಬರೀತಾರೆ. ಇಷ್ಟು ಗಂಟೆ ಮುಗಿಸಿದ್ರೆ ಪಾಸು ಅನ್ನೋ ಲೆಕ್ಕ ಇಲ್ಲಿಲ್ಲ, ಸ್ವತಂತ್ರವಾಗಿ ಯೋಚಿಸ್ತೀಯ ಅನ್ನೋದು ಕಾಣಬೇಕು. "ನೀರು ಗಂಟಲಲ್ಲೇ ನಿಂತಿರಬಹುದು, ಕೆಮ್ಮು ಬರಲಿಲ್ಲ ಅಂತ ನಂಬೋಕಾಗಲ್ಲ, ವಿಡಿಯೋ ಫ್ಲೋರೋಸ್ಕೋಪಿ (ನುಂಗುವಾಗ ತೆಗೆಯೋ ಎಕ್ಸ್-ರೇ ವಿಡಿಯೋ) ಕೇಳೋಣ್ವಾ?" ಅಂತ ಅವರ ಹೆಸರು ಹಿಡಿದು ಕರೆದು ಹೇಳಬೇಕು. ಮೇಡಂ ಅಂದ್ರೆ ಅವರೇ ನಕ್ಕುಬಿಡ್ತಾರೆ. ಎಷ್ಟೋ ಬುದ್ಧಿವಂತ ಹುಡುಗೀರು ಈ ಒಂದು ವಿಷಯದಲ್ಲಿ ಮೊದಲ ಪ್ಲೇಸ್‌ಮೆಂಟಲ್ಲಿ ಎಡವಿದ್ದನ್ನ ಕಂಡಿದ್ದೀನಿ.

ಉಚ್ಚಾರಣೆ ಚಿಂತೆ ಬಿಡು. ನೀನು ಮಾತಾಡೋದು ಸ್ಪಷ್ಟವಾಗಿದ್ರೆ ಸಾಕು. ಅದಕ್ಕಿಂತ ಕಿವಿ ಪಳಗಬೇಕು: ಇಲ್ಲಿನ ಸ್ವರಗಳು ನಾವು ಓದಿದ ಚಾರ್ಟಿನ ಹಾಗಿಲ್ಲ, ಮಗು ತಪ್ಪು ಹೇಳಿತಾ ಇಲ್ಲಾ ಊರಿನವರೆಲ್ಲ ಹಾಗೇ ಹೇಳ್ತಾರಾ ಅಂತ ತಿಳೀಬೇಕಲ್ಲ. ದಿನಾ ರೇಡಿಯೋ ಕೇಳು. ಫುಟಿ (ಇಲ್ಲಿನವರ ಫುಟ್ಬಾಲ್) ಬಗ್ಗೆ ಎರಡು ಮಾತು ಬಂದ್ರೆ ಅಜ್ಜಂದಿರು ಒಲೀತಾರೆ.

ಇನ್ನು ನಿನ್ನ ಕನ್ನಡ. ಅದಕ್ಕೆ ಇಲ್ಲೇನು ಬೆಲೆ ಅಂದ್ಕೋಬೇಡ. ಲಿಡ್‌ಕಂಬ್ ಪ್ರೋಗ್ರಾಂ ಓದಿರ್ತೀಯ, ಚಿಕ್ಕ ಮಕ್ಕಳ ಉಗ್ಗಿಗೆ ಸಿಡ್ನಿಯಲ್ಲಿ ರೂಪಿಸಿದ್ದು. ಅದರಲ್ಲಿ ಮನೆಯಲ್ಲಿ ಥೆರಪಿ ಕೊಡೋದು ಅಪ್ಪ ಅಮ್ಮ, ನಾವು ಅವರಿಗೆ ಕಲಿಸೋರು. ಅಮ್ಮನಿಗೆ ಮಗುವಿನ ಜೊತೆ ಸಲೀಸಾಗಿ ಬರೋದು ಕನ್ನಡವೇ ಆದ್ರೆ ಅದರಲ್ಲೇ ಆಗಬೇಕು. ಮಾತು ತಡವಾದ ಮಗುವಿನ ಮನೇಲಿ "ಇನ್ಮೇಲೆ ಬರೀ ಇಂಗ್ಲಿಷ್" ಅಂತ ತೀರ್ಮಾನ ಮಾಡಿಕೊಂಡು ಬರೋ ನಮ್ಮ ದಂಪತಿಗಳು ಈಗಲೂ ಸಿಗ್ತಾರೆ. ಎರಡು ಭಾಷೆಯಿಂದ ಮಾತು ತಡವಾಗಲ್ಲ ಅಂತ ಅವರ ಭಾಷೇಲೇ ಹೇಳೋರು ಬೇಕು.

ದುಡ್ಡಿನ ವಿಷಯ: ಪಿಆರ್ ಇರೋದ್ರಿಂದ ವಿದೇಶಿ ವಿದ್ಯಾರ್ಥಿಗಳ ಫೀಸು ನಿನಗೆ ಬೀಳಲ್ಲ, ಆದರೆ ನಾಗರಿಕರಿಗೆ ಸಿಗೋ ಸರ್ಕಾರಿ ಶಿಕ್ಷಣ ಸಾಲವೂ ಇಲ್ಲ. ಸಂಬಳ ಇಲ್ಲದ ಪ್ಲೇಸ್‌ಮೆಂಟ್ ವಾರಗಳನ್ನೂ ಲೆಕ್ಕಕ್ಕೆ ಹಿಡಿ. ಕೆಲವೊಮ್ಮೆ ಗಂಟೆಗಟ್ಟಲೆ ದೂರದ ಊರಿಗೆ ಹಾಕ್ತಾರೆ, ಡ್ರೈವಿಂಗ್ ಲೈಸೆನ್ಸ್ ಈಗಲೇ ಮಾಡಿಸ್ಕೋ.

ಊರಿಗೆ ಹೋದಾಗ ಕಾಲೇಜಿಂದ ಪೂರ್ತಿ ಸಿಲಬಸ್ಸು, ಮಕ್ಕಳು, ದೊಡ್ಡವರು, ನುಂಗುವಿಕೆ ಅಂತ ಬಿಡಿಬಿಡಿಯಾಗಿ ಕ್ಲಿನಿಕಲ್ ಗಂಟೆಗಳ ಪತ್ರ, ಎರಡಕ್ಕೂ ಸಹಿ, ಮೊಹರು ಹಾಕಿಸಿಕೊಂಡು ಬಾ. ಇಲ್ಲಿಂದ ಫೋನ್ ಮಾಡಿ ಕೇಳ್ತಾ ಕೂತ್ರೆ ತಿಂಗಳುಗಟ್ಟಲೆ ಹಿಡಿಯುತ್ತೆ. ಅವು ಕೈಗೆ ಬಂದ ಮೇಲೆ ನನಗೂ ಕಳಿಸು, ಅಳೆಸೋಕೆ ಹಾಕಬಹುದಾ ಅಂತ ಕೂತು ನೋಡೋಣ.