ಮತರಿಕಿಗೆ ದೀರ್ಘ ಕೊಟ್ಟವರು ನಾವು

ಮಾನ್ಯರೇ,

ಕಳೆದ ಸಂಚಿಕೆಯ ಮಾವೊರಿ ಪುರಾಣದ ಲೇಖನ ಓದಿ ತಾವು ಬರೆದ ನಾಲ್ಕು ಪುಟಗಳ ಪತ್ರ ತಲುಪಿತು. ನ್ಯೂಜಿಲೆಂಡಿನ ಮಾವೊರಿಗಳು ಕೃತ್ತಿಕೆಯನ್ನು ‘ಮಾತಾರಿಕಿ’ ಎನ್ನುತ್ತಾರೆ. ನಮ್ಮ ಕೃತ್ತಿಕೆಯರು ಷಣ್ಮುಖನಿಗೆ ಹಾಲೂಡಿದ ತಾಯಂದಿರು. ಆದ್ದರಿಂದ ಮಾತಾರಿಕಿ ಎಂದರೆ ಮಾತೃಕಾ, ಮಾವೊರಿ ಭಾಷೆ ಸಂಸ್ಕೃತದ ಕೂಸು. ಇದು ತಮ್ಮ ವಾದ. ಓದಲು ಸೊಗಸಾಗಿದೆ. ನಿಲ್ಲುವುದಿಲ್ಲ, ಅಷ್ಟೇ.

ತಪ್ಪಿನಲ್ಲಿ ದೊಡ್ಡ ಪಾಲು ನಮ್ಮದೇ. ‘ಮಾತಾರಿಕಿ’ ಎಂದು ಅಚ್ಚು ಹಾಕಿದವರು ನಾವು. ಅದು ಮತರಿಕಿ, ನಾಲ್ಕು ಅಕ್ಷರಗಳೂ ಹ್ರಸ್ವ. ರೋಮನ್ ಲಿಪಿಯಿಂದ ಕನ್ನಡಕ್ಕೆ ತರುವಾಗ ಕೈ ತಾನಾಗಿಯೇ ದೀರ್ಘ ಎಳೆದುಬಿಡುತ್ತದೆ. ಮಾವೊರಿಯಲ್ಲಿ ಇದು ಕ್ಷಮಿಸಿಬಿಡುವಂಥ ತಪ್ಪಲ್ಲ. ತಙತ ಎಂದರೆ ಒಬ್ಬ ಮನುಷ್ಯ, ತಾಙತ ಎಂದರೆ ಹಲವರು. ಕೆಕೆ ಎಂದರೆ ತಿನ್ನುವ ಕೇಕು, ಕೇಕೇ ಎಂದರೆ ಕಂಕುಳು. (ಒಂದನೇ ತರಗತಿಯಲ್ಲಿ ತಿದ್ದಿ ಮರೆತಿದ್ದ ಙ ಕೊನೆಗೂ ಕೆಲಸಕ್ಕೆ ಬಂತು.)

ದೀರ್ಘ ತೆಗೆದ ಕೂಡಲೇ ತಾಯಿ ಮಾಯವಾಗಿ ಕಣ್ಣು ಕಾಣಿಸುತ್ತದೆ. ಮಾವೊರಿಯಲ್ಲಿ ಮತ ಎಂದರೆ ಕಣ್ಣು, ಅರಿಕಿ ಎಂದರೆ ಒಡೆಯ. ಯಾರ ಕಣ್ಣು ಎಂಬುದನ್ನು ಅವರ ಪುರಾಣವೇ ಹೇಳುತ್ತದೆ. ಆಕಾಶ ತಂದೆ ರಙಿ, ಭೂಮಿ ತಾಯಿ ಪಪ ಒಬ್ಬರನ್ನೊಬ್ಬರು ಬಿಡದೆ ತಬ್ಬಿ ಮಲಗಿದ್ದರು. ನಡುವಿನ ಕತ್ತಲಲ್ಲಿ ಮಕ್ಕಳಿಗೆ ಉಸಿರುಗಟ್ಟುತ್ತಿತ್ತು. ಕಾಡಿನ ದೇವರಾದ ‘ತಾನೆ’ ಎಂಬ ಮಗ ಅಂಗಾತ ಮಲಗಿ, ಬೆನ್ನನ್ನು ತಾಯಿಗೆ ಊರಿ, ಎರಡೂ ಕಾಲುಗಳಿಂದ ತಂದೆಯನ್ನು ಮೇಲಕ್ಕೆ ಒದ್ದು ಎತ್ತಿದ. ಒಡಹುಟ್ಟಿದ ತಾಫಿರಿಮಾತೆಅನಿಗೆ ಇದನ್ನು ಸಹಿಸಲಾಗಲಿಲ್ಲ. ಸಂಕಟದಲ್ಲಿ ತನ್ನ ಕಣ್ಣುಗಳನ್ನೇ ಕಿತ್ತು, ಹಿಸುಕಿ, ತಂದೆಯ ಎದೆಗೆ ಎಸೆದ. ಅಲ್ಲಿ ಅಂಟಿಕೊಂಡ ಚೂರುಗಳೇ ಮತರಿಕಿ. ತಾಫಿರಿಮಾತೆಅ ಎಂಬ ಹೆಸರಿನೊಳಗೂ ಒಬ್ಬ ‘ಮಾತೆ’ ಇದ್ದಾಳೆಂದು ದಯವಿಟ್ಟು ಮತ್ತೆ ಪತ್ರ ಬರೆಯಬೇಡಿ. ಈತ ಗಾಳಿಯ ದೇವರು, ಗಂಡು.

ಇನ್ನು ನೆಂಟಸ್ತಿಕೆಯ ಮಾತು. ಮಲಯ ಭಾಷೆಯಲ್ಲೂ ಮತ ಎಂದರೆ ಕಣ್ಣೇ. ಗೂಢಚಾರಿಣಿಯೆಂದು ಗುಂಡಿಗೆ ಬಲಿಯಾದ ನರ್ತಕಿ ಮಾತಾ ಹರಿಯ ರಂಗನಾಮ ಅಲ್ಲಿಂದ ಬಂದದ್ದು. ಹಗಲಿನ ಕಣ್ಣು, ಅಂದರೆ ಸೂರ್ಯ. 1769ರಲ್ಲಿ ಇಂಗ್ಲಿಷ್ ನಾವಿಕ ಕುಕ್‌ನ ಹಡಗು ನ್ಯೂಜಿಲೆಂಡ್ ಮುಟ್ಟಿದಾಗ ಅದರಲ್ಲಿದ್ದ ತುಪಾಯ ಎಂಬ ಪಾಲಿನೇಷ್ಯದ ಪುರೋಹಿತ ತನ್ನ ದ್ವೀಪದ ಮಾತಿನಲ್ಲೇ ಮಾವೊರಿಗಳೊಡನೆ ಮಾತನಾಡಿದ. ಬಂಧುತ್ವವೆಂದರೆ ಅದು. ಹವಾಯಿಯಲ್ಲಿ ತಕಾರ ಕಕಾರವಾಗುತ್ತದೆ, ರಕಾರ ಲಕಾರವಾಗುತ್ತದೆ: ಮತರಿಕಿ ಅಲ್ಲಿ ಮಕಲಿಇ. ಅದೇ ಜಾಡಿನಲ್ಲಿ ತಙತ ಎಂಬುದು ‘ಕನಕ’ ಆಗುತ್ತದೆ. ಕಿವಿಗೆ ಒಂದೇ ಎನಿಸಿದ್ದೇ ಸಾಕ್ಷಿ ಎನ್ನುವುದಾದರೆ ಬಾಡದ ಕನಕದಾಸರನ್ನು ನಾವು ಹೊನೊಲುಲುವಿಗೆ ಬಿಟ್ಟುಕೊಡಬೇಕಾಗುತ್ತದೆ.

ಇಷ್ಟು ಹಟ ಯಾಕೆಂದರೆ, ಶಾಲೆಯಲ್ಲಿ ಮಾವೊರಿ ಮಾತನಾಡಿ ಪೆಟ್ಟು ತಿಂದ ಮಕ್ಕಳ ತಲೆಮಾರುಗಳೇ ಅಲ್ಲಿವೆ. ಶಾಲೆಗಳಲ್ಲಿ ಮಾವೊರಿ ಕಲಿಸಿ ಎಂದು 1972ರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಸಹಿಗಳ ಮನವಿ ಸಂಸತ್ತಿಗೆ ಹೋಯಿತು. ಆ ಭಾಷೆ ಅಧಿಕೃತವಾದದ್ದು 1987ರಲ್ಲಿ. ಮತರಿಕಿಗೆ ರಾಷ್ಟ್ರೀಯ ರಜೆ ಸಿಕ್ಕಿದ್ದು 2022ರ ಜೂನ್ 24ರಂದು, ಮೊದಲ ಬಾರಿಗೆ. ಇಷ್ಟು ಕಾದು ದಕ್ಕಿಸಿಕೊಂಡ ಹೆಸರಿಗೆ ನಾವು ಕುಳಿತಲ್ಲಿಂದಲೇ ಗೋತ್ರ ಬರೆಯುವುದು ನನಗೆ ಸರಿ ಕಾಣಲಿಲ್ಲ. ನಕ್ಷತ್ರಗಳು ಅವೇ, ನಿಜ. ನಮ್ಮಲ್ಲಿ ಅವು ಕಾರ್ತಿಕಕ್ಕೆ ಹೆಸರು ಕೊಟ್ಟವು. ಅವರಲ್ಲಿ ಚಳಿಗಾಲದ ನಸುಕಿನಲ್ಲಿ ಮತ್ತೆ ಮೂಡಿ ಹೊಸ ವರ್ಷ ತರುತ್ತವೆ.

ತಿದ್ದುಪಡಿ ಇದೇ ಸಂಚಿಕೆಯಲ್ಲಿದೆ. ಅಂದಹಾಗೆ ‘ಮಾವೊರಿ’ಯ ನಡುವಿನ ವ ಕೂಡ ನಮ್ಮ ಸೇರಿಕೆಯೇ, ಮಾಒರಿ ಎಂದು ಬರೆಯಬೇಕು. ಪದದ ನಡುವೆ ಬಿಡಿ ಸ್ವರ ಕಂಡು ನಮ್ಮ ಕರಡು ತಿದ್ದುವವರು ಮೂರು ಸಲ ಹೊಡೆದುಹಾಕಿದರು. ನಾಲ್ಕನೇ ಸಲ ನಾನೇ ಸೋತೆ.

— ಸಂ.